ಏರಿಯ ಮೇಲೊಂದು ಸೈಕಲ್ ದಾರಿ: ಲ್ವಾರ್ ನದಿಯ ಜೊತೆಗೆ ನಿಧಾನವಾಗಿ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಫ್ರಾನ್ಸ್ ಎಂದ ಕೂಡಲೇ ಪ್ಯಾರಿಸ್ ನೆನಪಾಗುವುದು ಸಹಜ. ಇಂದಿನ ಮಾತಿನಲ್ಲಿ ಪ್ಯಾರಿಸ್ ಬರುವುದಿಲ್ಲ. ಒಂದು ನದಿ, ಅದರ ದಂಡೆಯ ಸಣ್ಣ ಸಣ್ಣ ಹಳ್ಳಿಗಳು, ಆ ಹಳ್ಳಿಗಳಲ್ಲಿ ರಾತ್ರಿ ಕಳೆಯಲು ಸಿಗುವ ಮನೆಗಳು, ಇವನ್ನೆಲ್ಲ ಒಂದಕ್ಕೊಂದು ಹೊಲಿದಿರುವ ಸೈಕಲ್ ದಾರಿ, ಇಷ್ಟೇ ನನ್ನ ವಿಷಯ. ನಾನು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಬದುಕಿನ ಹೆಚ್ಚು ಭಾಗ ಕಾಲುವೆಯ ಏರಿಯ ಮೇಲೆ ಓಡಾಡಿಯೇ ಕಳೆದಿದೆ. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ನೀರನ್ನು ಹುಡುಕುತ್ತದೆ, ಆಮೇಲೆ ಆ ನೀರನ್ನು ಹಿಡಿದಿಟ್ಟಿರುವ ಮಣ್ಣನ್ನು.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, ಸಾವಿರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ದೇಶದ ದಕ್ಷಿಣ ಭಾಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರಕ್ಕೆ ಹರಿದು, ಒರ್ಲೆಯಾನ್ ನಗರದ ಬಳಿ ಪಶ್ಚಿಮಕ್ಕೆ ತಿರುಗಿ, ನಾಂತ್ ನಗರವನ್ನು ದಾಟಿ ಅಟ್ಲಾಂಟಿಕ್ ಸಾಗರ ಸೇರುತ್ತದೆ. ಅದರ ಜೊತೆಜೊತೆಗೇ ಸುಮಾರು 900 ಕಿಲೋಮೀಟರ್ ಉದ್ದದ ಸೈಕಲ್ ಮಾರ್ಗವಿದೆ. ಹೆಸರು ‘ಲಾ ಲ್ವಾರ್ ಆ ವೆಲೊ’. ನದಿ ಹಾದುಹೋಗುವ ಎರಡು ಪ್ರಾಂತ್ಯಗಳ ಆಡಳಿತಗಳು ಕೈಜೋಡಿಸಿ, ಸಾರ್ವಜನಿಕ ಹಣ ಹಾಕಿ, ವರ್ಷಗಟ್ಟಲೆ ತುಂಡುತುಂಡಾಗಿ ಜೋಡಿಸಿದ ದಾರಿ ಅದು. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹೋಗುವ ‘ಯೂರೋವೆಲೊ 6’ ಎಂಬ ಮಹಾಮಾರ್ಗದ ಪಶ್ಚಿಮದ ತುದಿಯೂ ಇದೇ.

ಒಂಬೈನೂರು ಕಿಲೋಮೀಟರನ್ನು ಪೂರ್ತಿ ತುಳಿಯುವವರಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ನಾನು ಶಿಫಾರಸು ಮಾಡುವುದು ಬೇರೆ. ಅಕ್ಕ ಮತ್ತು ನಾನು ಆರಿಸಿಕೊಂಡದ್ದು ತೂರ್ ನಗರದಿಂದ ಆಂಜೆ ನಗರದವರೆಗಿನ ತುಣುಕು, ಬಳಸುದಾರಿಗಳೆಲ್ಲ ಸೇರಿ ಒಂದೂವರೆ ನೂರು ಕಿಲೋಮೀಟರಿನಷ್ಟು. ಗಟ್ಟಿ ಸವಾರರು ಅದನ್ನು ಎರಡು ದಿನದಲ್ಲಿ ಮುಗಿಸುತ್ತಾರೆ. ಅಕ್ಕನಿಗೆ ಎಪ್ಪತ್ತು ದಾಟಿದೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು, ಸಿಕ್ಕ ಕಲ್ಲಿನ ಮೇಲೆ ಬರೆದದ್ದನ್ನು ಓದದೆ ಮುಂದೆ ಹೋಗುವವಳಲ್ಲ. ಬ್ಯಾಟರಿ ನೆರವಿನ ಸೈಕಲ್ಲನ್ನು ಅವಳಿಗೂ ಸಾದಾ ಸೈಕಲ್ಲನ್ನು ನನಗೂ ತೂರ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡೆವು. ಹೊರಡುವ ಮೊದಲೇ ಅವಳು ಹೇಳಿದ್ದಳು: “ನೋಡು, ದಿನಕ್ಕೊಂದು ಊರು ಸಾಕು. ಕೋಟೆಗಳ ಪಟ್ಟಿ ಹಿಡಿದು ಟಿಕ್ ಹಾಕುವುದಾದರೆ ನನ್ನನ್ನು ಕರೆಯಬೇಡ.” ಆ ಒಂದು ಕರಾರೇ ನಮ್ಮ ಪ್ರವಾಸವನ್ನು ಚೆನ್ನಾಗಿಸಿತು.

ಕೋಟೆಗಳ ಮಾತು ಬಂದಿತು. ಲ್ವಾರ್ ಕಣಿವೆ ಎಂದರೆ ಜಗತ್ತಿಗೆ ಗೊತ್ತಿರುವುದು ಅಲ್ಲಿನ ಅರಮನೆಗಳು. ಶಾಂಬೋರ್, ಆಂಬ್ವಾಜ್, ಹೀಗೆ ಸಾಲು ಸಾಲು. ಲಿಯೊನಾರ್ಡೊ ಡಾ ವಿಂಚಿ 1519ರಲ್ಲಿ ಕೊನೆಯುಸಿರೆಳೆದದ್ದು ಆಂಬ್ವಾಜ್‌ನಲ್ಲಿ. 2000ದಲ್ಲಿ ಯುನೆಸ್ಕೊ ಈ ಕಣಿವೆಯ ಮಧ್ಯಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಸೇರಿಸಿದ್ದು ಬರೀ ಅರಮನೆಗಳನ್ನಲ್ಲ, ಒಟ್ಟು ಭೂದೃಶ್ಯವನ್ನು. ನದಿ, ಮರಳದಿಣ್ಣೆ, ಏರಿ, ದ್ರಾಕ್ಷಿ ತೋಟ, ಹಳ್ಳಿ, ಸೇತುವೆ, ಎಲ್ಲವೂ ಸೇರಿ ಒಂದು. ಬಸ್ಸಿನಲ್ಲಿ ಬಂದು ಅರಮನೆಯ ಬಾಗಿಲಲ್ಲಿ ಇಳಿದು ಮತ್ತೆ ಬಸ್ ಹತ್ತುವವರಿಗೆ ಈ ಒಟ್ಟು ಕಾಣುವುದಿಲ್ಲ. ಅದಕ್ಕೆ ಏರಿಯ ಮೇಲೆ, ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗದಲ್ಲಿ, ಮನಸ್ಸು ಬಂದಲ್ಲಿ ನಿಲ್ಲುತ್ತಾ ಹೋಗಬೇಕು.

ತೂರ್‌ನಿಂದ ಹೊರಟ ದಾರಿ ಮೊದಲು ಲ್ವಾರ್ ಜೊತೆ ಹೋಗುವುದಿಲ್ಲ. ಶೆರ್ ಎಂಬ ಉಪನದಿಯ ಪಕ್ಕ ಹಿಡಿದು, ಸವೊನ್ಯೇರ್ ಎಂಬ ಹಳ್ಳಿಯನ್ನು ದಾಟಿ ವಿಲಾಂದ್ರಿಗೆ ಬರುತ್ತದೆ. ವಿಲಾಂದ್ರಿಯ ಅರಮನೆಗಿಂತ ಅದರ ಕಾಯಿಪಲ್ಲೆ ತೋಟ ನನಗೆ ಹಿಡಿಸಿತು. 1906ರಲ್ಲಿ ಈ ಜಾಗವನ್ನು ಕೊಂಡ ಹೋಅಕಿಮ್ ಕಾರ್ವಾಲ್ಯೊ ಎಂಬ ಸ್ಪೇನಿನ ವೈದ್ಯವಿಜ್ಞಾನಿ ಹಳೆಯ ಕಾಲದ ಮಾದರಿಯಲ್ಲಿ ತೋಟವನ್ನು ಮತ್ತೆ ಕಟ್ಟಿಸಿದ. ಒಂಬತ್ತು ಚೌಕಗಳು. ಎಲೆಕೋಸು, ಬೀಟ್‌ರೂಟ್, ಕುಂಬಳ, ಇವನ್ನೇ ಬಣ್ಣಗಳಾಗಿ ಬಳಸಿ ಹಾಕಿದ ರಂಗೋಲಿ.

ವಿಲಾಂದ್ರಿ ದಾಟಿದ ಮೇಲೆ ದಾರಿ ಏರಿಯನ್ನು ಹತ್ತುತ್ತದೆ. ಇಲ್ಲಿಂದ ನನ್ನ ಕಥೆ ಶುರುವಾಗುತ್ತದೆ ಎಂದೇ ಹೇಳಬೇಕು. ಬಲಕ್ಕೆ ನದಿ, ಎಡಕ್ಕೆ ನದಿಗಿಂತ ತಗ್ಗಿನಲ್ಲಿ ಹೊಲ, ಹುಲ್ಲುಗಾವಲು, ಮನೆಗಳ ಚಾವಣಿ. ಏರಿಯ ಮೇಲಿನ ರಸ್ತೆಯಲ್ಲಿ ಕಾರುಗಳು ಅಪರೂಪ. ಜೂನ್ ತಿಂಗಳ ನದಿ ಅಗಲವಾಗಿ ಹರಡಿಕೊಂಡಿತ್ತು, ಆದರೆ ಆಳವಿರಲಿಲ್ಲ. ನಡುನಡುವೆ ಹಳದಿ ಮರಳಿನ ದಿಣ್ಣೆಗಳು. ಆ ದಿಣ್ಣೆಗಳ ಮೇಲೆ ರೀವ ಹಕ್ಕಿಗಳು ಬರಿಯ ಮರಳಿನಲ್ಲೇ ಮೊಟ್ಟೆ ಇಡುತ್ತವೆ. ಗೂಡು ಕಟ್ಟುವ ಕಾಲದಲ್ಲಿ ಅಲ್ಲಿಗೆ ಯಾರೂ ಕಾಲಿಡಬಾರದೆಂದು ಫಲಕ ಹಾಕಿರುತ್ತಾರೆ. ನೀರು ಎಷ್ಟು ಶಾಂತವಾಗಿ ಕಂಡರೂ ಲ್ವಾರ್‌ನಲ್ಲಿ ಈಜಲು ಇಳಿಯಬೇಡಿ. ಮರಳು ಜಾಗ ಬದಲಿಸುತ್ತಲೇ ಇರುತ್ತದೆ, ಕಾಲ ಕೆಳಗೆ ಸಟ್ಟನೆ ಗುಂಡಿ ಸಿಗುತ್ತದೆ.

ಈ ಏರಿಯನ್ನು ಯಾರು ಕಟ್ಟಿದರು? ಹನ್ನೆರಡನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊರೆಯೂ ಆಂಜು ಪ್ರಾಂತ್ಯದ ಒಡೆಯನೂ ಆಗಿದ್ದ ಎರಡನೆಯ ಹೆನ್ರಿ ಒಂದು ಸನ್ನದು ಹೊರಡಿಸಿದ. ನದಿಯ ಒಡ್ಡಿನ ಮೇಲೆ ಮನೆ ಮಾಡಿಕೊಂಡು ಅದನ್ನು ಕಾಯ್ದು ರಿಪೇರಿ ಮಾಡುವವರು ಯುದ್ಧಕ್ಕೆ ಬರಬೇಕಾಗಿಲ್ಲ ಎಂದು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಏರಿಯನ್ನು ಕಟ್ಟುವುದಕ್ಕಿಂತ ಕಾಯುವುದು ಕಷ್ಟ ಎಂಬುದು ಈ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಹೆಗ್ಗಣದ ಒಂದು ಬಿಲ, ಒಂದು ಮರದ ಬೇರು ಸಾಕು. ಸಂಬಳದ ಕಾವಲುಗಾರನಿಗಿಂತ ಅದರ ಮೇಲೇ ಮನೆ ಕಟ್ಟಿಕೊಂಡವನು ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂಬುದನ್ನು ಎಂಟುನೂರು ವರ್ಷಗಳ ಹಿಂದೆಯೇ ಒಬ್ಬ ದೊರೆ ಅರ್ಥ ಮಾಡಿಕೊಂಡಿದ್ದ. ಇವತ್ತಿಗೂ ಏರಿಗೆ ಬೆನ್ನು ಕೊಟ್ಟು ನಿಂತ ಉದ್ದನೆಯ ಊರುಗಳು ಅಲ್ಲಿವೆ.

ಏರಿ ಬೆಳೆಯುತ್ತಾ ಹೋಯಿತು. ಹದಿನೆಂಟನೆಯ ಶತಮಾನದ ಹೊತ್ತಿಗೆ ಅದರ ಎತ್ತರವನ್ನು ನದಿಯ ಬೇಸಿಗೆ ಮಟ್ಟದಿಂದ 22 ಅಡಿಗೆ, ಅಂದರೆ ಸುಮಾರು 7 ಮೀಟರಿಗೆ ಏರಿಸಿದರು. ಎತ್ತರಿಸಿದಷ್ಟೂ ನದಿಯ ಹಾಸು ಕಿರಿದಾಯಿತು, ನೆರೆಯ ನೀರು ಇನ್ನೂ ಎತ್ತರಕ್ಕೆ ಎದ್ದಿತು. 1846, 1856, 1866ರಲ್ಲಿ, ಹತ್ತು ಹತ್ತು ವರ್ಷಕ್ಕೊಮ್ಮೆ ಎಂಬಂತೆ, ಮಹಾಪ್ರವಾಹಗಳು ಬಂದವು. 1856ರ ಜೂನ್ ತಿಂಗಳಲ್ಲಿ ಉತ್ತರ ದಂಡೆಯ ಲಾ ಶಾಪೆಲ್ ಎಂಬ ಊರಿನ ಬಳಿ ಏರಿ ಒಡೆಯಿತು. ಊರಿನ ಮನೆಗಳನ್ನು ಕೊಚ್ಚಿಕೊಂಡು ಒಳನುಗ್ಗಿದ ನೀರು ಮರಳಿ ನದಿಗೆ ಬರಲು ಏರಿಯೇ ಅಡ್ಡವಾಯಿತು. ಅದು ಏರಿಯ ಹಿಂಬದಿಯಲ್ಲೇ, ಓತ್ಯೋಂ ಎಂಬ ಸಣ್ಣ ಹೊಳೆಯ ತಗ್ಗಿನಲ್ಲಿ, ಹತ್ತಾರು ಕಿಲೋಮೀಟರ್ ಸಾಗಿ ಆಂಜೆ ಪಕ್ಕದ ತ್ರೆಲಾಜೆಯ ಸ್ಲೇಟ್ ಕಲ್ಲಿನ ಗಣಿಗಳಿಗೆ ತುಂಬಿಕೊಂಡಿತು. ಚಕ್ರವರ್ತಿ ಮೂರನೆಯ ನೆಪೋಲಿಯನ್ ಆ ಕಾರ್ಮಿಕರನ್ನು ನೋಡಲು ಬಂದಿದ್ದ. ಆ ನೆರೆಗಳ ನಂತರ ಅಲ್ಲಿನ ಎಂಜಿನಿಯರುಗಳು ಕಲಿತದ್ದೇನೆಂದರೆ, ಏರಿಯನ್ನು ಎತ್ತರಿಸುತ್ತಾ ಹೋಗುವುದು ಪರಿಹಾರವಲ್ಲ, ಅದಕ್ಕೆ ಅಲ್ಲಲ್ಲಿ ಕೋಡಿ ಬೇಕು. ಪ್ರವಾಹ ಮಿತಿ ಮೀರಿದಾಗ ನೀರು ಗೊತ್ತಾದ ಜಾಗದಲ್ಲಿ ಹೊರಳಿ ಹೋಗಬೇಕು. ನಮ್ಮ ಕೆರೆ ಕಟ್ಟಿದವರಿಗೆ ಇದು ಮೊದಲಿನಿಂದ ಗೊತ್ತಿದ್ದ ಪಾಠ. ಕೋಡಿಯಿಲ್ಲದ ಕೆರೆಯನ್ನು ನಾನೆಲ್ಲೂ ನೋಡಿಲ್ಲ.

ಏರಿಯ ಮೇಲಿನ ಬ್ರೇಯೆಮೋಂ ಎಂಬ ಊರಿನಲ್ಲಿ ನಮ್ಮ ಮೊದಲ ತಂಗುದಾಣ. ಒಂದು ಕಾಲದಲ್ಲಿ ಇಲ್ಲಿ ಸೆಣಬು ಬೆಳೆದು, ನೆನೆಸಿ, ಗುಂಡನೆಯ ಕಲ್ಲಿನ ಗೂಡುಗಳಲ್ಲಿ ಒಣಗಿಸುತ್ತಿದ್ದರು. ಹಡಗುಗಳ ಹಗ್ಗಕ್ಕೂ ಹಾಯಿಗೂ ಅದೇ ನಾರು. ಆ ಗೂಡುಗಳು ಇನ್ನೂ ನಿಂತಿವೆ. ಹಡಗುಗಳಿಗೆ ಹಾಯಿ ಬೇಡವಾದಾಗ ಸೆಣಬಿನ ಕಾಲವೂ ಮುಗಿಯಿತು.

ತಂಗುವ ವ್ಯವಸ್ಥೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಪ್ರವಾಸದ ಅರ್ಧ ಸುಖ ಅಲ್ಲೇ ಇದೆ. ಹಳ್ಳಿಗಳಲ್ಲಿ ಎರಡು ಬಗೆ. ಒಂದು ‘ಓಬೆರ್ಜ್’, ಅಂದರೆ ಕೆಳಗೆ ಊಟದ ಮನೆ, ಮೇಲೆ ನಾಲ್ಕಾರು ಕೋಣೆಗಳಿರುವ ಹಳೆಯ ಕಾಲದ ಛತ್ರದಂಥ ಜಾಗ. ಇನ್ನೊಂದು ‘ಶಾಂಬ್ರ್ ದೋತ್’. ಇದು ಒಂದು ಕುಟುಂಬದ ಸ್ವಂತ ಮನೆ. ಕಾನೂನಿನ ಪ್ರಕಾರ ಐದು ಕೋಣೆಗಳಿಗಿಂತ ಹೆಚ್ಚು ಕೊಡುವಂತಿಲ್ಲ, ಹದಿನೈದು ಜನರಿಗಿಂತ ಹೆಚ್ಚು ಅತಿಥಿಗಳಿರುವಂತಿಲ್ಲ, ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರಬೇಕು. ಕೆಲವರು ರಾತ್ರಿ ಊಟವನ್ನೂ ಹಾಕುತ್ತಾರೆ. ಆಗ ಮನೆಯವರು, ಬಂದವರು, ಎಲ್ಲರೂ ಒಂದೇ ಮೇಜಿನಲ್ಲಿ ಕುಳಿತು ಒಂದೇ ಅಡುಗೆ ಉಣ್ಣುತ್ತಾರೆ. ಸೈಕಲ್ಲಿನವರನ್ನು ವಿಶೇಷವಾಗಿ ನೋಡಿಕೊಳ್ಳುವ ಮನೆಗಳಿಗೆ ‘ಅಕ್ಯೋಯ್ ವೆಲೊ’ ಎಂಬ ಮುದ್ರೆ ಇರುತ್ತದೆ. ಮಾರ್ಗದಿಂದ ಐದು ಕಿಲೋಮೀಟರಿನ ಒಳಗಿರಬೇಕು, ಸೈಕಲ್ಲಿಗೆ ಬೀಗ ಹಾಕುವ ಜಾಗ ಕೊಡಬೇಕು, ಪಂಕ್ಚರ್ ತಿದ್ದುವ ಸಲಕರಣೆ ಇಟ್ಟಿರಬೇಕು, ಇವೇ ಅದರ ಮುಖ್ಯ ಷರತ್ತುಗಳು. ಬಾಗಿಲ ಪಕ್ಕದಲ್ಲಿ ಆ ಫಲಕ ಕಂಡರೆ ಬೆವರಿದ ಬಟ್ಟೆಯಲ್ಲಿ ಒಳಗೆ ಹೋಗಲು ಸಂಕೋಚ ಪಡಬೇಕಾಗಿಲ್ಲ.

ಬ್ರೇಯೆಮೋಂನ ಮನೆಯೊಡತಿ ಅಕ್ಕನ ವಯಸ್ಸಿನವರೇ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅವರ ಮಗನ ಇಂಗ್ಲಿಷೂ ನನ್ನ ಇಂಗ್ಲಿಷೂ ನಡುವೆ ಸೇತುವೆಯಾದವು. ಊಟದ ನಂತರ ಆಕೆ ಅಕ್ಕನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಕೊಟ್ಟಿಗೆಯ ಗೋಡೆ ಬಿಳಿಯ ಸುಣ್ಣಕಲ್ಲಿನದು, ಉಗುರಿನಿಂದ ಕೆರೆದರೆ ಪುಡಿ ಉದುರುವಷ್ಟು ಮೃದು. ಅದರ ಮೇಲೆ, ನನ್ನ ತಲೆಗಿಂತ ಒಂದು ಗೇಣು ಮೇಲೆ, ಅಡ್ಡಗೆರೆಯೊಂದನ್ನು ಕೊರೆದು ‘1856’ ಎಂದು ಬರೆದಿತ್ತು. ಅಂಕಿಯ ಐದರ ಬಾಲ ಮಳೆಗೆ ಸವೆದು ಅರ್ಧ ಅಳಿಸಿತ್ತು. ಆ ಗೆರೆಯ ಕೆಳಗೆ ಗೋಡೆಗೆ ಒರಗಿಸಿ ಒಂದು ಚಪ್ಪಟೆ ತಳದ ದೋಣಿ. ಅಜ್ಜನ ಕಾಲದ್ದಂತೆ. ತಳಕ್ಕೆ ಹೊಸದಾಗಿ ಟಾರು ಬಳಿದಿದ್ದರು. “ಈಗಲೂ ನೀರು ಬರುತ್ತದೆಯೇ?” ಎಂದು ಅಕ್ಕ ಕೇಳಿದಳು. ಮಗ ತಾಯಿಯ ಉತ್ತರವನ್ನು ತಿಳಿಸಿದ: “ಬರುವ ತನಕ ದೋಣಿಗೆ ಟಾರು ಹಚ್ಚುತ್ತಲೇ ಇರಬೇಕು ಎನ್ನುತ್ತಾರೆ ಅಮ್ಮ.”

ಮುಂದೆ ಕೆಲವು ಕಿಲೋಮೀಟರ್ ದಾರಿ ನದಿಯನ್ನು ಬಿಟ್ಟು ಒಳಗೆ ತಿರುಗುತ್ತದೆ. ಆ ಭಾಗದಲ್ಲಿ ಶಿನೋಂ ಅಣುವಿದ್ಯುತ್ ಸ್ಥಾವರವಿದೆ. ಲ್ವಾರ್ ದಂಡೆಯಲ್ಲಿ ಇಂಥವು ನಾಲ್ಕು. ಬೇಸಿಗೆಯಲ್ಲಿ ನದಿ ತೀರ ಬಡವಾಗದಂತೆ ಮೇಲ್ಭಾಗದ ನೊಸಾಕ್ ಮತ್ತು ವಿಲ್ರೆ ಜಲಾಶಯಗಳಿಂದ ನೀರು ಬಿಡುತ್ತಾರೆ. ಅಂದರೆ ಪ್ರವಾಸಿ ಪತ್ರಿಕೆಗಳು ಬರೆಯುವಂತೆ ಇದು ಯುರೋಪಿನ ಕೊನೆಯ ಕಾಡುನದಿ ಎನ್ನುವುದು ಅತಿಶಯ. ಆದರೆ ಅದು ಇಷ್ಟಾದರೂ ಹರಿಯುವ ನದಿಯಾಗಿ ಉಳಿದದ್ದಕ್ಕೆ ಜನ ಹೋರಾಡಿದ್ದಾರೆ. 1980ರ ದಶಕದಲ್ಲಿ ನದಿಯ ಮೇಲ್ಭಾಗದ ಸೆರ್ ದ ಲಾ ಫಾರ್ ಎಂಬಲ್ಲಿ ದೊಡ್ಡ ಅಣೆಕಟ್ಟಿನ ಯೋಜನೆಯಿತ್ತು. 1989ರಲ್ಲಿ ಜನ ಆ ಜಾಗದಲ್ಲೇ ಬೀಡುಬಿಟ್ಟರು, ವರ್ಷಗಟ್ಟಲೆ ಕದಲಲಿಲ್ಲ. ಅಣೆಕಟ್ಟು ಬರಲಿಲ್ಲ. 1994ರಲ್ಲಿ ಸರ್ಕಾರ ಇಡೀ ನದಿಗೆ ಹೊಸ ನೀತಿ ರೂಪಿಸಿತು. ನೆರೆಯಿಂದ ರಕ್ಷಣೆಯ ಜೊತೆಗೆ ನದಿಯ ಜೀವವನ್ನೂ ಕಾಯಬೇಕು ಎಂಬ ನೀತಿ. ಅದರ ಫಲವಾಗಿ 1998ರಲ್ಲಿ ಉಪನದಿ ಆಲ್ಯೇಯ ಮೇಲಿನ ಒಂದು ಹಳೆಯ ಅಣೆಕಟ್ಟನ್ನೂ, ಅದೇ ಸುಮಾರಿಗೆ ವಿಯೆನ್ ನದಿಯ ಮೇಲಿನ ಮೇಜೋಂ ರೂಜ್ ಎಂಬ ಅಣೆಕಟ್ಟನ್ನೂ ಒಡೆದು ತೆಗೆದರು. ಸಾಲ್ಮನ್ ಮೀನುಗಳಿಗೆ ದಾರಿ ತೆರೆಯಿತು. ಅಣೆಕಟ್ಟು ಕಟ್ಟುವ ಇಲಾಖೆಯಲ್ಲಿ ದುಡಿದ ನನಗೆ, ಅಣೆಕಟ್ಟನ್ನು ತೆಗೆಯುವುದೂ ಎಂಜಿನಿಯರಿಂಗ್ ಕೆಲಸವೇ ಎಂದು ಒಪ್ಪಿಕೊಳ್ಳಲು ಕಷ್ಟವಾಗಲಿಲ್ಲ. ಉಪಯೋಗ ಮುಗಿದ ಕಟ್ಟಡವನ್ನು ನದಿಯ ಎದೆಯ ಮೇಲೆ ಇಟ್ಟುಕೊಂಡಿರಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಆ ವಿಯೆನ್ ನದಿ ಲ್ವಾರ್ ಸೇರುವ ಸಂಗಮದ ಊರು ಕಾಂದ್ ಸ್ಯಾಂ ಮಾರ್ತ್ಯಾಂ. ತೂರ್ ನಗರದ ಬಿಷಪ್ ಸಂತ ಮಾರ್ಟಿನ್ 397ರ ನವೆಂಬರಿನಲ್ಲಿ ತೀರಿಕೊಂಡದ್ದು ಇಲ್ಲಿ. ಅವನ ದೇಹ ತಮಗೆ ಸೇರಬೇಕೆಂದು ತೂರ್‌ನವರಿಗೂ ಪ್ವಾತ್ಯೇ ಊರಿನವರಿಗೂ ಜಗಳವಾಯಿತಂತೆ. ರಾತ್ರಿ ಪ್ವಾತ್ಯೇಯವರು ನಿದ್ದೆ ಹೋದಾಗ ತೂರ್‌ನವರು ದೇಹವನ್ನು ಕಿಟಕಿಯಿಂದ ಹೊರಗಿಳಿಸಿ ದೋಣಿಯಲ್ಲಿ ಸಾಗಿಸಿಬಿಟ್ಟರಂತೆ. ದೋಣಿ ಹೋದ ದಾರಿಯುದ್ದಕ್ಕೂ ಚಳಿಗಾಲದಲ್ಲೇ ದಂಡೆಯ ಗಿಡಗಳು ಹೂ ಬಿಟ್ಟವು ಎಂದು ಐತಿಹ್ಯ. ನವೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಕಂಡರೆ ಫ್ರಾನ್ಸಿನವರು ಇಂದಿಗೂ ಅದನ್ನು ಸಂತ ಮಾರ್ಟಿನನ ಬೇಸಿಗೆ ಎನ್ನುತ್ತಾರೆ. ಊರಿನ ಮೇಲಿನ ದಿಬ್ಬಕ್ಕೆ ಸೈಕಲ್ ತಳ್ಳಿಕೊಂಡು ಹತ್ತಿದರೆ ಎರಡು ನದಿಗಳೂ ಕೂಡುವುದು ಪೂರ್ತಿ ಕಾಣುತ್ತದೆ. ಇದನ್ನು ಯಾರೂ ತಪ್ಪಿಸಿಕೊಳ್ಳಬಾರದು.

ಪಕ್ಕದ ಮೋಂಸೊರೋ ಹಳ್ಳಿಯ ಕೋಟೆ ನೀರಿನಂಚಿನಲ್ಲೇ ಇದೆ. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಒಳಗೆ, ಒಂದು ಏರು ಹತ್ತಿದರೆ ಫೋಂತೆವ್ರೋ ಮಠ. 1101ರಲ್ಲಿ ಸ್ಥಾಪನೆಯಾದ ಈ ಮಠದ ವಿಶೇಷವೆಂದರೆ ಸನ್ಯಾಸಿ ಸನ್ಯಾಸಿನಿಯರಿಬ್ಬರೂ ಇದ್ದ ಸಂಸ್ಥೆಗೆ ಮುಖ್ಯಸ್ಥೆಯಾಗಿ ಯಾವಾಗಲೂ ಹೆಣ್ಣೇ ಇರುತ್ತಿದ್ದಳು. ನೆಪೋಲಿಯನ್ 1804ರಲ್ಲಿ ಇದನ್ನು ಸೆರೆಮನೆ ಮಾಡಿದ. 1963ರವರೆಗೂ ಅದು ಸೆರೆಮನೆಯಾಗಿಯೇ ಇತ್ತು. ಚರ್ಚಿನ ಒಳಗೆ ಬಣ್ಣ ಹಚ್ಚಿದ ನಾಲ್ಕು ಶಯನಮೂರ್ತಿಗಳಿವೆ. ಅವುಗಳಲ್ಲೊಂದು ಏರಿಯ ಸನ್ನದು ಬರೆಸಿದ ಅದೇ ಎರಡನೆಯ ಹೆನ್ರಿಯದು. ಪಕ್ಕದಲ್ಲಿ ರಾಣಿ ಎಲಿನಾರ್, ಕೈಯಲ್ಲಿ ತೆರೆದ ಪುಸ್ತಕ. ಅಕ್ಕ ಆ ಪುಸ್ತಕದ ಮುಂದೆಯೇ ಬಹಳ ಹೊತ್ತು ನಿಂತಿದ್ದಳು. ನಾನು ಹೆನ್ರಿಗೆ ಕೈ ಮುಗಿದೆ, ದೊರೆ ಎಂದಲ್ಲ, ಏರಿ ಕಾಯಿಸಿದವನು ಎಂದು.

ಮೋಂಸೊರೋದಿಂದ ಸೋಮ್ಯೂರ್ ತನಕ ಹತ್ತು ಹನ್ನೆರಡು ಕಿಲೋಮೀಟರ್ ಇರಬಹುದು. ಇಡೀ ಪ್ರವಾಸದಲ್ಲಿ ನಾನು ಎರಡನೆಯ ಸಲ ಹೋಗಬಯಸುವ ಭಾಗ ಇದು. ನದಿಯ ಪಕ್ಕದಲ್ಲಿ ಬಿಳಿಯ ಕಲ್ಲಿನ ಗೋಡೆಯಂಥ ದಿಬ್ಬ. ಈ ಕಲ್ಲಿಗೆ ‘ತ್ಯುಫೋ’ ಎಂದು ಹೆಸರು. ಅರಮನೆಗಳನ್ನೆಲ್ಲ ಕಟ್ಟಿದ್ದು ಇದರಿಂದಲೇ. ಕಡಿದ ಕಲ್ಲು ದೋಣಿಯಲ್ಲಿ ನಾಂತ್‌ಗೆ, ಅಲ್ಲಿಂದ ಕಡಲಾಚೆಗೂ ಹೋಯಿತು. ಕಲ್ಲು ತೆಗೆದ ಜಾಗದಲ್ಲಿ ಉಳಿದ ಗುಹೆಗಳಲ್ಲಿ ಜನ ಮನೆ ಮಾಡಿದರು. ತ್ಯುರ್ಕಾಂ ಹಳ್ಳಿಯಲ್ಲಿ ಬಾಗಿಲು, ಕಿಟಕಿ, ಹೊಗೆಗೂಡು, ಎಲ್ಲವೂ ಬಂಡೆಯಲ್ಲೇ. ಮುಂದೆ ಸೂಜೇ ಎಂಬಲ್ಲಿ ಸೈಕಲ್ ದಾರಿಯೇ ಗುಹೆಯೊಳಗೆ ಹೋಗುತ್ತದೆ. ಒಂದು ಕಾಲದ ಊರಬೀದಿ, ಬಂಡೆಯ ಒಳಗಿನಿಂದ. ಹೊರಗೆ ಸುಡುಬಿಸಿಲು, ಒಳಗೆ ಕಾಲಿಟ್ಟರೆ ತಣ್ಣನೆಯ ಗಾಳಿ, ಒದ್ದೆ ಸುಣ್ಣದ ವಾಸನೆ.

ದೊಡ್ಡ ಗುಹೆಗಳಲ್ಲಿ ಅಣಬೆ ಬೆಳೆಯುತ್ತಾರೆ. ತ್ಯುರ್ಕಾಂನಲ್ಲಿ ಇನ್ನೊಂದು ವಿಶೇಷ, ತಟ್ಟಿದ ಸೇಬು. ಹಣ್ಣಿನ ಸಿಪ್ಪೆ ತೆಗೆದು, ಮಂದ ಉರಿಯ ಗೂಡಿನಲ್ಲಿ ದಿನಗಟ್ಟಲೆ ಒಣಗಿಸಿ, ಒಂದೊಂದನ್ನೇ ಸಲಕರಣೆಯಿಂದ ಅಪ್ಪಚ್ಚಿ ಮಾಡಿ ಇಡುತ್ತಿದ್ದರು. ಹಡಗಿನವರ ಬುತ್ತಿಗೆ ಇದು ಹೋಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೀಟದ ಹಾವಳಿಯಿಂದ ದ್ರಾಕ್ಷಿ ಬಳ್ಳಿಗಳು ನಾಶವಾದಾಗ ಇಲ್ಲಿನ ಎಷ್ಟೋ ಮನೆಗಳನ್ನು ಈ ಸೇಬು ಸಾಕಿತು.

ಗುಹೆಯೊಳಗಿನ ಊಟದ ಮನೆಯೊಂದರಲ್ಲಿ ನಾವು ‘ಫುಯೆ’ ತಿಂದೆವು. ಅಂಗೈಯಗಲದ ಹಿಟ್ಟಿನ ಹಾಳೆಯನ್ನು ಕಟ್ಟಿಗೆ ಒಲೆಯೊಳಗೆ ಹಾಕುತ್ತಾರೆ. ಕೆಂಡವನ್ನು ಒಂದು ಬದಿಗೆ ತಳ್ಳಿ ಆ ಬಿಸಿ ಕಲ್ಲಿನ ಮೇಲೆ. ಒಂದು ನಿಮಿಷದೊಳಗೆ ಅದು ಪೂರಿಯಂತೆ ಉಬ್ಬಿ ಬರುತ್ತದೆ, ಎಣ್ಣೆಯ ಸುಳಿವಿಲ್ಲದೆ. ಬಿಸಿಯಿರುವಾಗಲೇ ಬಾಯಿ ಬಿಡಿಸಿ ಉಪ್ಪು ಬೆಣ್ಣೆ, ಬಿಳಿ ಅವರೆಯಂಥ ಕಾಳಿನ ಪಲ್ಯ, ಅಣಬೆ, ಮೇಕೆ ಹಾಲಿನ ಗಿಣ್ಣು (ಚೀಸ್), ಏನು ಬೇಕೋ ತುಂಬಿಕೊಳ್ಳುವುದು. ಸಾಕೆನ್ನುವ ತನಕ ಬಿಸಿಬಿಸಿ ತಂದು ಹಾಕುತ್ತಲೇ ಇರುತ್ತಾರೆ. ಸಸ್ಯಾಹಾರಿಗಳಿಗೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಊಟವಿಲ್ಲ. ಜೊತೆಗೆ ಬರುವ ‘ರಿಯೆತ್’ ಮಾತ್ರ ಹಂದಿಮಾಂಸದ್ದು, ಮೊದಲೇ ಬೇಡವೆನ್ನಿ. ತರಕಾರಿ ಸೂಪ್ ಎಂದರೂ ಮಾಂಸದ ಸಾರಿನಲ್ಲಿ ಕುದಿಸಿರಬಹುದು, ಕೇಳಿಯೇ ಕುಡಿಯಿರಿ. ಸ್ಯಾಂತ್ ಮೋರ್ ಎಂಬ ಉದ್ದನೆಯ ಮೇಕೆ ಗಿಣ್ಣು ಈ ಭಾಗದ ಹೆಮ್ಮೆ. ಅದರ ನಡುವೆ ಒಂದು ಹುಲ್ಲುಕಡ್ಡಿ ತೂರಿಸಿರುತ್ತಾರೆ, ಮುರಿಯದಿರಲೆಂದು. ಆದರೆ ಇಂಥ ಗಿಣ್ಣುಗಳಿಗೆ ಸಾಮಾನ್ಯವಾಗಿ ಬಳಸುವ ಹೆಪ್ಪು ಕರುವಿನ ಹೊಟ್ಟೆಯಿಂದ ತೆಗೆದದ್ದು. ಕಟ್ಟುನಿಟ್ಟಿನವರು ಇದನ್ನು ತಿಳಿದಿರಬೇಕು. ಅಕ್ಕ ಗಿಣ್ಣು ಮುಟ್ಟಲಿಲ್ಲ. ಅಣಬೆಯ ಫುಯೆಗಳನ್ನು ಎಣಿಸಲೂ ಇಲ್ಲ.

ಸೋಮ್ಯೂರ್ ಪಟ್ಟಣದ ಬಗ್ಗೆ ಒಂದೇ ಮಾತು. 1940ರ ಜೂನ್‌ನಲ್ಲಿ, ಫ್ರಾನ್ಸ್ ಸೋಲೊಪ್ಪಿಕೊಳ್ಳುವ ಹೊತ್ತಿನಲ್ಲಿ, ಇಲ್ಲಿನ ಅಶ್ವದಳ ಶಾಲೆಯ ಎಳೆಯ ವಿದ್ಯಾರ್ಥಿಗಳು ಲ್ವಾರ್ ಸೇತುವೆಗಳನ್ನು ಜರ್ಮನ್ ಸೇನೆಯಿಂದ ಎರಡು ಮೂರು ದಿನ ಕಾದರು. ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಅದನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಸೋಮ್ಯೂರ್ ಆಚೆಗಿನ ಕ್ಯುನೋ ಹಳ್ಳಿಯ ಚರ್ಚಿನ ಕಂಬಗಳ ತಲೆಯ ಮೇಲೆ ಇನ್ನೂರಕ್ಕೂ ಹೆಚ್ಚು ಕೆತ್ತನೆಗಳಿವೆ. ಬೇಲೂರು, ಹಳೇಬೀಡು ಕಟ್ಟಿದ ಶತಮಾನದವೇ. ಆಮೇಲೆ ಲ ತೂರೇ. ಒಂದು ಕಾಲದ ದೋಣಿಬಂದರು, ಈಗ ನದಿಗೆ ಮುಖ ಮಾಡಿ ಕುಳಿತ ಒಂದೇ ಸಾಲಿನ ಮನೆಗಳು. ಇಲ್ಲಿ ನದಿಸಾಗಾಟದ ಬಗ್ಗೆ ಹೇಳಲೇಬೇಕು. ಲ್ವಾರ್‌ನ ದೊಡ್ಡ ದೋಣಿಗಳು ಕೆಳಗೆ ಹೋಗುವಾಗ ಹರಿವಿನ ಜೊತೆ ಹೋಗುತ್ತಿದ್ದವು. ಮೇಲೆ ಬರುವಾಗ ಸಮುದ್ರದಿಂದ ಬೀಸುವ ಪಡುವಣ ಗಾಳಿಗೆ ಚೌಕ ಹಾಯಿ ಬಿಚ್ಚಿ, ಒಂದರ ಹಿಂದೊಂದು ಕಟ್ಟಿಕೊಂಡು ಬರುತ್ತಿದ್ದವು. ಕೆಳಗೆ ಹೋದದ್ದು ಕಲ್ಲು, ದ್ರಾಕ್ಷಾರಸ, ಸೆಣಬು. ಮೇಲೆ ಬಂದದ್ದು ಉಪ್ಪು ಮತ್ತು ಸಕ್ಕರೆ. ಆ ಸಕ್ಕರೆ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದದ್ದು. ನಾಂತ್ ಫ್ರಾನ್ಸಿನ ಅತಿ ದೊಡ್ಡ ಗುಲಾಮ ವ್ಯಾಪಾರದ ಬಂದರಾಗಿತ್ತು. ಆಫ್ರಿಕಾದಲ್ಲಿ ಮನುಷ್ಯರನ್ನು ಕೊಳ್ಳಲು ಕೊಟ್ಟ ಸರಕಿನಲ್ಲಿ ಭಾರತದ ಹತ್ತಿಬಟ್ಟೆಯೂ, ಅದರ ಮಾದರಿಯಲ್ಲಿ ನಾಂತ್‌ನಲ್ಲೇ ಅಚ್ಚು ಹಾಕಿದ ಬಟ್ಟೆಯೂ ಇದ್ದವು. ನಮ್ಮ ನೇಕಾರರಿಗೆ ತಾವು ನೇಯ್ದದ್ದು ಎಲ್ಲಿ ಹೋಗಿ ಏನಾಯಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ನಾಂತ್‌ನ ನದಿದಂಡೆಯಲ್ಲಿ 2012ರಿಂದ ಗುಲಾಮಗಿರಿ ನಿರ್ಮೂಲನೆಯ ಸ್ಮಾರಕವಿದೆ. ಚೆಂದದ ನದಿ ಎಂದು ಹೊಗಳುವಾಗ ಇದನ್ನೂ ಹೇಳಬೇಕು. ರೈಲು ಬಂದ ಮೇಲೆ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ದೋಣಿಸಾಗಾಟ ಬೇಗನೆ ಸತ್ತಿತು.

ಆಂಜು ಸೀಮೆಯ ಹಳ್ಳಿಗಳಲ್ಲಿ ಆಡುವ ಒಂದು ಆಟವನ್ನು ನೋಡುವ ಭಾಗ್ಯ ನಮಗೆ ಸಿಕ್ಕಿತು. ಹೆಸರು ‘ಬೂಲ್ ದ ಫೋರ್’. ಉದ್ದನೆಯ ಹಜಾರ, ನೆಲದ ಎರಡೂ ಅಂಚು ಮೇಲಕ್ಕೆ ಬಾಗಿದೆ. ಚೆಂಡು ಪೂರ್ಣ ಗುಂಡಗಿಲ್ಲ, ಒಂದು ಬದಿಗೆ ಭಾರ ಹೆಚ್ಚು, ನಡುವೆ ಲೋಹದ ಪಟ್ಟಿ. ನೆಲಕ್ಕೆ ಪೆಟ್ಟಾಗದಂತೆ ಆಟಗಾರರೆಲ್ಲ ಬಟ್ಟೆಯ ಚಪ್ಪಲಿ ಹಾಕಿಕೊಂಡಿರುತ್ತಾರೆ. ಚೆಂಡನ್ನು ಎಸೆಯುವುದಿಲ್ಲ, ಬಿಡುತ್ತಾರೆ. ಅದು ತೂಗಾಡುತ್ತಾ, ಅಂಚು ಹತ್ತಿ ಇಳಿಯುತ್ತಾ, ಈಗ ನಿಂತಿತು, ಇನ್ನೇನು ನಿಂತಿತು ಎನ್ನುವಾಗ ಮತ್ತೆ ಒಂದು ಗೇಣು ಉರುಳುತ್ತದೆ. ಅಷ್ಟೂ ಹೊತ್ತು ಯಾರೂ ಮಾತನಾಡುವುದಿಲ್ಲ. ಅಲ್ಲಿದ್ದ ಹಿರಿಯರೊಬ್ಬರು ಅಕ್ಕನ ಪಾದದ ಅಳತೆಗೆ ಸರಿಯಾದ ಚಪ್ಪಲಿ ಹುಡುಕಿ ತಂದು ಅವಳ ಕೈಗೊಂದು ಚೆಂಡು ಕೊಟ್ಟರು.

ಆಂಜೆ ಹತ್ತಿರವಾಗುತ್ತಿದ್ದಂತೆ ಕಲ್ಲಿನ ಬಣ್ಣ ಬದಲಾಗುತ್ತದೆ. ಇಷ್ಟು ಹೊತ್ತು ಬಿಳಿ, ಈಗ ಕಪ್ಪು. ಸುಣ್ಣಕಲ್ಲು ಮುಗಿದು ಸ್ಲೇಟ್ ಕಲ್ಲಿನ ಸೀಮೆ ಶುರು. ಕಾರಿನಲ್ಲಿ ಹೋದರೆ ಇದು ಗಮನಕ್ಕೇ ಬರುವುದಿಲ್ಲ. ತ್ರೆಲಾಜೆಯ ಗಣಿಗಳು 2013ರಲ್ಲಿ ಮುಚ್ಚಿದವು. 1856ರ ನೀರು ತುಂಬಿಕೊಂಡ ಆ ಗಣಿ ಪ್ರದೇಶದಲ್ಲೇ ಈಗ ಸೈಕಲ್ ದಾರಿಯ ಒಂದು ಕವಲು ಹಾಯುತ್ತದೆ. ಆಂಜೆ ಕೋಟೆಯ ಬುರುಜುಗಳಲ್ಲಿ ಎರಡೂ ಕಲ್ಲುಗಳಿವೆ, ಕಪ್ಪಿನ ನಡುವೆ ಬಿಳಿಯ ಪಟ್ಟಿಗಳು.

ಇನ್ನು ನೀವು ಕೇಳಿದ ಪ್ರಶ್ನೆಗಳು.

ಯಾವ ದಿಕ್ಕಿನಲ್ಲಿ ಹೋಗಬೇಕು ಎಂದು ಒಬ್ಬರು ಕೇಳಿದರು. ಹರಿವಿನ ಜೊತೆ ಹೋದರೆ ಸುಲಭ ಎಂದು ಅನ್ನಿಸುತ್ತದೆ. ಆದರೆ ನದಿಯ ಇಳಿಜಾರು ಎಷ್ಟು ಕಡಿಮೆಯೆಂದರೆ ಸೈಕಲ್ಲಿಗೆ ಅದು ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಗಾಳಿ. ಅದು ಬಹುಮಟ್ಟಿಗೆ ಪಶ್ಚಿಮದಿಂದ ಬೀಸುತ್ತದೆ. ಆದ್ದರಿಂದ ಹಳೆಯ ದೋಣಿಗಳಿಗೆ ಒದಗಿದ ಗಾಳಿಯನ್ನೇ ಬೆನ್ನಿಗೆ ಹಾಕಿಕೊಂಡು ಆಂಜೆಯಿಂದ ತೂರ್ ಕಡೆಗೆ ಬರುವುದು ಕಾಲಿಗೆ ಹಿತ. ನಾವು ಸಂಗಮವನ್ನೂ ಗುಹೆಗಳನ್ನೂ ಪ್ರವಾಸದ ಕೊನೆಯರ್ಧಕ್ಕೆ ಇಟ್ಟುಕೊಳ್ಳಬೇಕೆಂದು ಬೇಕೆಂದೇ ಪಶ್ಚಿಮಕ್ಕೆ ಹೋದೆವು.

ಮಂಡಿ ನೋವಿನವರಿಗೆ 30 ಕಿಲೋಮೀಟರ್ ದಿನಕ್ಕೆ ಧಾರಾಳ. ಬ್ಯಾಟರಿ ಸೈಕಲ್ ಇದ್ದರೆ ದಿಬ್ಬಗಳ ಚಿಂತೆಯೂ ಇಲ್ಲ. ಚೀಲಗಳನ್ನು ಒಂದು ತಂಗುದಾಣದಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ತಲುಪಿಸುವವರಿದ್ದಾರೆ. ಒಂದು ಊರಿನಲ್ಲಿ ಬಾಡಿಗೆಗೆ ಪಡೆದ ಸೈಕಲ್ಲನ್ನು ಇನ್ನೊಂದು ಊರಿನಲ್ಲಿ ಬಿಡಲೂ ಆಗುತ್ತದೆ.

ಮಳೆ ಬಂದರೆ? ಕಣಿವೆಯುದ್ದಕ್ಕೂ ರೈಲುಮಾರ್ಗ ಇದೆ. ಬೇಸಿಗೆಯಲ್ಲಿ ಒರ್ಲೆಯಾನ್ ಮತ್ತು ನಾಂತ್ ನಡುವಿನ ಕೆಲವು ರೈಲುಗಳಲ್ಲಿ ಸೈಕಲ್ಲುಗಳಿಗೆಂದೇ ಹೆಚ್ಚಿನ ಜಾಗ ಇಟ್ಟಿರುತ್ತಾರೆ. ಒಂದು ನಿಲ್ದಾಣದ ದೂರವನ್ನು ರೈಲಿನಲ್ಲಿ ದಾಟಿ ಮತ್ತೆ ಸೈಕಲ್ ಹತ್ತಬಹುದು.

ಊಟದ ಹೊತ್ತು ಮಾತ್ರ ಎಚ್ಚರವಿರಲಿ. ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಮುಚ್ಚಿದರೆ ಸಂಜೆ ಏಳರ ತನಕ ತೆರೆಯುವುದಿಲ್ಲ. ಭಾನುವಾರ ರಾತ್ರಿ ಮತ್ತು ಸೋಮವಾರ ಎಷ್ಟೋ ಹಳ್ಳಿಗಳಲ್ಲಿ ಎಲ್ಲವೂ ಬಂದ್. ಬೆಳಿಗ್ಗೆಯೇ ಬೇಕರಿಯಲ್ಲಿ ಬ್ರೆಡ್ಡು, ಸಂತೆಯಲ್ಲಿ ಹಣ್ಣು ಕೊಂಡು ಚೀಲದಲ್ಲಿಟ್ಟುಕೊಳ್ಳಿ. ಯಾವ ಅಂಗಡಿಗೇ ಹೋಗಲಿ, ಮೊದಲು ‘ಬೋಂಜೂರ್’ ಎನ್ನಿ, ಆಮೇಲೆ ಬೇಕಾದ್ದನ್ನು ಕೇಳಿ. ಹೋಗಲು ಒಳ್ಳೆಯ ಕಾಲ ಮೇ, ಜೂನ್ ಮತ್ತು ಸೆಪ್ಟೆಂಬರ್. ಶಾಂಬ್ರ್ ದೋತ್‌ಗಳಲ್ಲಿ ಕೋಣೆಗಳು ಕಡಿಮೆ, ಹಾಗಾಗಿ ಎರಡು ಮೂರು ತಿಂಗಳು ಮೊದಲೇ ಇಮೇಲ್ ಬರೆದು ಕಾಯ್ದಿರಿಸಿ. ರಾತ್ರಿ ಊಟ ಅಲ್ಲೇ ಬೇಕು, ಸಂಜೆ ಐದರ ಸುಮಾರಿಗೆ ಸೈಕಲ್ಲಿನಲ್ಲಿ ಬರುತ್ತೇವೆ, ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ ಎಂಬುದನ್ನೆಲ್ಲ ಆ ಮೊದಲ ಪತ್ರದಲ್ಲೇ ತಿಳಿಸಿ.